ಖಾಲಿ ಡ್ರಮ್ಮಿನೊಳಗಿನ ಬೆಂಕಿ



ಜೆ.ಪಿ. ನಗರದಾಚೆ, ಕನಕಪುರ ರಸ್ತೆಗೆ ಹತ್ತಿರದ ಒಂದು ವಠಾರದಲ್ಲಿ ಪ್ರತಿ ಮಂಗಳವಾರ ನಮ್ಮ ಸ್ವಸಹಾಯ ಸಂಘದ ಸಭೆ ನಡೆಯುತ್ತದೆ. ಒಂದು ಸಂಜೆ ಸಾಲದ ಕಂತಿನ ಲೆಕ್ಕ ಬರೆಯುತ್ತಾ ಕೂತಿದ್ದಾಗ, ಮೂರು ವಾರದಿಂದ ಕಾಣದಿದ್ದ ಒಬ್ಬ ಸದಸ್ಯೆ ಬಂದು ಬಾಗಿಲ ಬಳಿಯೇ ಕುಳಿತರು.

"ಎಲ್ಲಿ ಹೋಗಿದ್ರಮ್ಮ ಇಷ್ಟು ದಿನ?"

"ಆಸ್ಪತ್ರೇಲಿದ್ದೆ ಸಿಸ್ಟರ್. ನಮ್ಮನೆಯವರು ಸುಟ್ಕೊಂಡ್ರು."

"ಮನೇಲಾ?"

"ಇಲ್ಲ ಸಿಸ್ಟರ್, ಕೆಲಸದಲ್ಲಿ. ಯಾವ್ದೋ ಹಳೇ ಶೆಡ್ಡು ಬಿಚ್ತಾ ಇದ್ರಂತೆ. ಖಾಲಿ ಡ್ರಮ್ಮು, ಏನೂ ಇರ್ಲಿಲ್ಲ ಅದ್ರಲ್ಲಿ. ಗ್ಯಾಸ್ ಕಟಿಂಗ್ ಹಚ್ಚಿದ ತಕ್ಷಣ ಢಂ ಅಂತಂತೆ."

ಆ ಸಂಜೆ ಆಕೆ "ಏನೂ ಇರ್ಲಿಲ್ಲ ಅದ್ರಲ್ಲಿ" ಅನ್ನೋ ಮಾತನ್ನು ಮೂರು ಸಲವಾದರೂ ಹೇಳಿದರು. ಯಜಮಾನರ ಜೀವ ಉಳಿದಿತ್ತು. ಎರಡೂ ಕೈ, ಮುಖದ ಒಂದು ಪಕ್ಕ, ಕುತ್ತಿಗೆ ಸುಟ್ಟಿತ್ತು. ಬೆರಳುಗಳು ಪೂರ್ತಿ ಮಡಚುವುದಿಲ್ಲ, ಕಟ್ಟರ್ ಹಿಡಿಯುವ ಕೈ ಈಗ ಚಮಚ ಹಿಡಿಯಲೂ ಕಷ್ಟಪಡುತ್ತದೆ. ಕೆಲಸ ಕೊಟ್ಟ ಕಂಟ್ರಾಕ್ಟರು ಮೊದಲ ದಿನ ಆಸ್ಪತ್ರೆಗೆ ಬಂದು ಸ್ವಲ್ಪ ಹಣ ಕೊಟ್ಟು ಹೋದವನು ಮತ್ತೆ ಫೋನ್ ಎತ್ತಲಿಲ್ಲ.

ನಾನು ಎಂ.ಎಸ್.ಡಬ್ಲ್ಯೂ. ಓದುವಾಗ ಕೌನ್ಸೆಲಿಂಗ್ ಹೇಳಿಕೊಟ್ಟರು, ಸಮುದಾಯ ಸಂಘಟನೆ ಹೇಳಿಕೊಟ್ಟರು. ಖಾಲಿ ಡ್ರಮ್ಮು ಯಾಕೆ ಸಿಡಿಯುತ್ತದೆ ಎಂದು ಯಾರೂ ಹೇಳಿಕೊಡಲಿಲ್ಲ. ಆ ಸಂಜೆಯ ನಂತರ ಗೊತ್ತಿದ್ದವರನ್ನು ಕೇಳಿ, ಓದಿ ತಿಳಿದುಕೊಂಡೆ. ಅದನ್ನೇ ಈ ತಿಂಗಳ ಪಾಠವಾಗಿ ಬರೆಯುತ್ತಿದ್ದೇನೆ.

ಖಾಲಿ ಅಂದರೆ ಏನು?

ಇಂಗಿನ ಡಬ್ಬಿ ನೆನೆಸಿಕೊಳ್ಳಿ. ಇಂಗು ಮುಗಿದು ತಿಂಗಳಾದರೂ, ತೊಳೆದಿಟ್ಟರೂ ಮುಚ್ಚಳ ತೆಗೆದರೆ ಘಮ್ ಅನ್ನುತ್ತದೆ. ಕಣ್ಣಿಗೆ ಖಾಲಿ, ಮೂಗಿಗೆ ಖಾಲಿಯಲ್ಲ. ಥಿನ್ನರ್, ಪೆಟ್ರೋಲ್, ಸ್ಪಿರಿಟ್, ಪೇಂಟ್, ಅಂಟು ತುಂಬಿದ್ದ ಡ್ರಮ್ಮಿನ ಕಥೆಯೂ ಅದೇ. ತಳದಲ್ಲಿ, ಅಂಚಿನ ಮಡಿಕೆಯಲ್ಲಿ, ಒಳಗಿನ ತುಕ್ಕಿನಲ್ಲಿ ಒಂದಿಷ್ಟು ದ್ರವ ಅಂಟಿಕೊಂಡೇ ಇರುತ್ತದೆ. ಅದು ಆವಿಯಾಗಿ ಡ್ರಮ್ಮಿನ ತುಂಬ ಹರಡಿಕೊಳ್ಳುತ್ತದೆ.

ಇನ್ನೂ ಒಂದು ವಿಷಯ ಕೇಳಿದರೆ ಆಶ್ಚರ್ಯವಾಗುತ್ತದೆ. ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ಮೇ ಹೆಚ್ಚು ಅಪಾಯ. ಉರಿಯುವುದು ದ್ರವವಲ್ಲ, ಅದರ ಆವಿ. ಆ ಆವಿ ಗಾಳಿಯ ಜೊತೆ ಸರಿಯಾದ ಪ್ರಮಾಣದಲ್ಲಿ ಬೆರೆತರೆ ಮಾತ್ರ ಸ್ಫೋಟ. ತುಂಬಿದ ಡ್ರಮ್ಮಿನಲ್ಲಿ ಗಾಳಿಗೆ ಜಾಗವೇ ಇಲ್ಲ. ಖಾಲಿ ಡ್ರಮ್ಮಿನಲ್ಲಿ ಎರಡೂ ಇವೆ. ಪೆಟ್ರೋಲಿನ ಆವಿ ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದೂವರೆ ಭಾಗ ಇದ್ದರೂ ಸಾಕು, ಹೊತ್ತಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿದೆ: 200 ಲೀಟರಿನ ಒಂದು ಡ್ರಮ್ಮು ಬಾಂಬಿನಂತಾಗಲು ಮೂರು ಟೀ ಚಮಚ ಪೆಟ್ರೋಲ್ ಒಳಗೆ ಉಳಿದಿದ್ದರೆ ಸಾಕು. ಥಿನ್ನರಿನಲ್ಲಿ ಸಾಮಾನ್ಯವಾಗಿ ಇರುವ ಟಾಲ್ವೀನ್ ಆದರೆ ಎರಡೇ ಚಮಚ. ಡ್ರಮ್ಮನ್ನು ಬೋರಲು ಹಾಕಿ ಒಂದು ದಿನ ಬಿಟ್ಟರೂ ಅಷ್ಟು ಉಳಿದಿರುತ್ತದೆ.

ಗ್ಯಾಸ್ ಕಟ್ಟರಿನ ಜ್ವಾಲೆ ಸುಮಾರು 3000 ಡಿಗ್ರಿ ಸೆಲ್ಸಿಯಸ್. ಅದು ತಗಡಿಗೆ ತೂತು ಮಾಡಿ ಒಳಗೆ ಇಣುಕಿದ ಕ್ಷಣವೇ ಒಳಗಿನ ಆವಿಗೆ ಬೆಂಕಿ ಹತ್ತುತ್ತದೆ. ಹೊರಗೆ ಹೋಗಲು ದಾರಿ ಇಲ್ಲದೆ ಡ್ರಮ್ಮಿನ ಮುಚ್ಚಳ ಕಿತ್ತು ಎದುರಿಗಿದ್ದವರ ಎದೆಗೆ, ಮುಖಕ್ಕೆ ಬಡಿಯುತ್ತದೆ.

"ಡೀಸೆಲ್ ತಾನೇ, ಆಯಿಲ್ ತಾನೇ, ಅದು ಅಷ್ಟು ಬೇಗ ಹತ್ತಿಕೊಳ್ಳಲ್ಲ" ಅನ್ನುವವರಿದ್ದಾರೆ. ತಣ್ಣಗಿರುವಾಗ ಆ ಮಾತು ನಿಜ. ಆದರೆ ಕಟ್ಟರ್ ತಾಗಿಸಿದಾಗ ತಗಡು ಕಾಯುತ್ತದೆ, ಕಾದ ತಗಡಿಗೆ ಅಂಟಿದ ಜಿಡ್ಡು ಹೊಗೆಯಾಗುತ್ತದೆ, ಆ ಹೊಗೆಯೇ ಉರಿಯುತ್ತದೆ. ಮೊದಲ ಎರಡು ನಿಮಿಷ ಏನೂ ಆಗದೆ ಮೂರನೇ ನಿಮಿಷಕ್ಕೆ ಸಿಡಿಯುವುದು ಹೀಗೆ. ಅಷ್ಟರಲ್ಲಿ ಕೆಲಸದವರಿಗೆ ಧೈರ್ಯ ಬಂದಿರುತ್ತದೆ, ಹತ್ತಿರ ಬಗ್ಗಿರುತ್ತಾರೆ.

ಈ ಆವಿಗಳ ಇನ್ನೊಂದು ಗುಣವೆಂದರೆ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲದ ಮೇಲೆ ತೆವಳುತ್ತವೆ. ಚರಂಡಿಗೆ, ಸಂಪಿಗೆ, ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತವೆ. ಡ್ರಮ್ಮು ತೊಳೆದ ನೀರನ್ನು ಮೋರಿಗೆ ಚೆಲ್ಲಿದರೆ ಹತ್ತು ಮನೆ ಆಚೆ ಯಾರೋ ಬೀಡಿ ಹಚ್ಚಿದಾಗ ಹೊತ್ತಿಕೊಳ್ಳಬಹುದು.

ನಮ್ಮ ಕಡೆ ಇದು ಎಲ್ಲಿಂದ ಬಂತು?

"ನಮ್ಮ ಜಯನಗರ, ಬನಶಂಕರಿಯಲ್ಲಿ ಕೆಮಿಕಲ್ ಫ್ಯಾಕ್ಟರಿ ಎಲ್ಲಿದೆ ಸಿಸ್ಟರ್?" ಎಂದು ಕೇಳಬಹುದು. ಎಲ್ಲವೂ ಫ್ಯಾಕ್ಟರಿ ಎಂಬ ಬೋರ್ಡು ಹಾಕಿಕೊಂಡಿರುವುದಿಲ್ಲ. ಜೆ.ಪಿ. ನಗರದ ಸಾರಕ್ಕಿ ಇಂಡಸ್ಟ್ರಿಯಲ್ ಲೇಔಟ್, ಯಲಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾ, ಆ ಕಡೆ ಬೊಮ್ಮನಹಳ್ಳಿ, ಹೊಸೂರು ರಸ್ತೆ. ಇಂಥ ಕಡೆಗಳಲ್ಲಿ ಬಣ್ಣ ಹೊಡೆಯುವ, ಪ್ಲೇಟಿಂಗ್ ಮಾಡುವ, ಪ್ರಿಂಟಿಂಗಿನ ಸಣ್ಣ ಸಣ್ಣ ಶೆಡ್ಡುಗಳಲ್ಲಿ ದುಡಿದೇ ನಮ್ಮ ಎಷ್ಟೋ ಮನೆಗಳು ನಿಂತವು. 2017ರ ಜೂನ್‌ನಲ್ಲಿ ಮೆಟ್ರೋ ಯಲಚೇನಹಳ್ಳಿಗೆ ಬಂತು, 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ಹೋಯಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಿ.ಟಿ.ಎಂ. ಲೇಔಟ್ ಮೇಲೆ ಬೊಮ್ಮಸಂದ್ರಕ್ಕೆ ಓಡತೊಡಗಿತು. ಸ್ಟೇಷನ್ ಪಕ್ಕದ ಶೆಡ್ಡಿನ ಜಾಗಕ್ಕೆ ಈಗ ಶೆಡ್ಡಿನೊಳಗಿನ ಮಿಷನ್ನಿಗಿಂತ ಹತ್ತು ಪಟ್ಟು ಬೆಲೆ. ಮಾಲೀಕರು ಮಾರುತ್ತಾರೆ, ಅಪಾರ್ಟ್‌ಮೆಂಟ್ ಏಳುತ್ತದೆ. ನಡುವೆ ಒಂದು ಹದಿನೈದು ದಿನ ಇರುತ್ತದಲ್ಲ, ಶೆಡ್ಡು ಬಿಚ್ಚುವ ದಿನಗಳು, ನಮ್ಮ ಗಂಡಸರು ಕೆಲಸ ಮಾಡುವುದು ಆಗ.

ದೊಡ್ಡ ಕಾರ್ಖಾನೆಗಳೂ ಜಾಗ ಬದಲಿಸಿವೆ. ಆಡುಗೋಡಿಯ ಮೈಕೋ, ಅಂದರೆ ಈಗಿನ ಬಾಷ್ ಕಂಪನಿ, ತಯಾರಿಕೆಯನ್ನು ಬಿಡದಿಗೆ ಸಾಗಿಸಿ, ಹಳೆಯ ಜಾಗದಲ್ಲಿ 2022ರ ಜೂನ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರುಗಳ ಕ್ಯಾಂಪಸ್ ತೆರೆಯಿತು. ಅಂಥ ಕಂಪನಿಗಳಲ್ಲಿ ಸುರಕ್ಷತಾ ಅಧಿಕಾರಿ ಇರುತ್ತಾರೆ, ಪಟ್ಟಿ ಇರುತ್ತದೆ. ಎರಡು ಸೈಟಿನ ಶೆಡ್ಡಿಗೆ ಅದೆಲ್ಲ ಯಾರು ಮಾಡುತ್ತಾರೆ? ಗುಜರಿಯವನು ಬಂದು ಒಟ್ಟು ತೂಕಕ್ಕೆ ರೇಟು ಮಾತಾಡುತ್ತಾನೆ, ಮೇಸ್ತ್ರಿ ನಾಲ್ಕು ಜನ ಕರೆತರುತ್ತಾನೆ, ಮುಗಿಯಿತು.

ನಮ್ಮ ಊರಿನಲ್ಲಿ ಆದದ್ದನ್ನು ಮರೆಯಬಾರದು. 2020ರ ನವೆಂಬರ್ 10ರಂದು ಮೈಸೂರು ರಸ್ತೆಯ ಬಾಪೂಜಿನಗರದ ಹತ್ತಿರ ಹೊಸಗುಡ್ಡದಹಳ್ಳಿಯಲ್ಲಿ ಮನೆಗಳ ಮಧ್ಯೆ ಇದ್ದ ಕೆಮಿಕಲ್ ಗೋದಾಮು ಹೊತ್ತಿ ಉರಿಯಿತು. ಬ್ಯಾರಲ್‌ಗಳು ಒಂದೊಂದಾಗಿ ಸಿಡಿದವು, ಅಕ್ಕಪಕ್ಕದವರು ಮಕ್ಕಳನ್ನು ಎತ್ತಿಕೊಂಡು ಮನೆ ಬಿಟ್ಟು ಓಡಿದರು. 2024ರ ಫೆಬ್ರವರಿಯಲ್ಲಿ ಕುಂಬಳಗೋಡು ಬಳಿಯ ರಾಮಸಂದ್ರದಲ್ಲಿ ಸುಗಂಧದ್ರವ್ಯದ ಬಾಟಲಿಗಳಿದ್ದ ಗೋದಾಮಿಗೆ ಬೆಂಕಿ ಬಿದ್ದು ಒಳಗಿದ್ದವರಲ್ಲಿ ಕೆಲವರು ಸತ್ತರು. ಸೆಂಟು ಅಂದರೆ ನಮಗೆ ಮದುವೆ ಮನೆಯ ವಾಸನೆ. ಅದರೊಳಗೆ ಇರುವುದು ಹೆಚ್ಚಿನಂಶ ಸ್ಪಿರಿಟ್ಟು, ಸ್ಪ್ರೇ ಡಬ್ಬಿಯಾದರೆ ಅದರ ಜೊತೆ ಅಡಿಗೆ ಗ್ಯಾಸಿನಂಥದೇ ಗ್ಯಾಸು.

ಮೊದಲು ಏನು ಬಿಚ್ಚುತ್ತಾರೆ?

ಅಪಾಯದ ಜಾಗವನ್ನು ಮುಚ್ಚುವಾಗ ಯಾವುದನ್ನು ಮೊದಲು ತೆಗೆಯುತ್ತೀರಿ, ಯಾವುದನ್ನು ಕೊನೆಗೆ, ಇದರಲ್ಲೇ ಜೀವ ಸಾವು ಇದೆ. ಬೆಂಕಿ ಹೊತ್ತುವ ವಸ್ತು ಮೊದಲು ಹೊರಗೆ ಹೋಗಬೇಕು. ಬೆಂಕಿ ಆರಿಸುವ ನೀರು, ಪಂಪು, ಪೈಪು, ಓಡಿಹೋಗುವ ದಾರಿ, ಲೈಟು ಕೊನೆಗೆ ಹೋಗಬೇಕು. ಆದರೆ ಗುಜರಿಯ ಲೆಕ್ಕ ಉಲ್ಟಾ. ಪಂಪಿನ ಮೋಟಾರಿಗೆ ಬೆಲೆ ಇದೆ, ತಾಮ್ರದ ವೈರಿಗೆ ಬೆಲೆ ಇದೆ, ಕಬ್ಬಿಣದ ಪೈಪಿಗೆ ಬೆಲೆ ಇದೆ. ಅವು ಮೊದಲ ದಿನವೇ ಲಾರಿ ಹತ್ತುತ್ತವೆ. ಅರ್ಧ ಥಿನ್ನರ್ ಉಳಿದ ಡ್ರಮ್ಮಿಗೆ ಬೆಲೆ ಇಲ್ಲ, ಮೂಲೆಯಲ್ಲಿ ಉಳಿಯುತ್ತದೆ. ಕರೆಂಟ್ ಕಟ್ ಆಗಿರುತ್ತದೆ, ಸಂಪು ಬತ್ತಿರುತ್ತದೆ. ಕೊನೆಯ ದಿನ ಕಟ್ಟರ್ ಹಿಡಿದವನ ಸುತ್ತ ಇರುವುದು ಬೆಂಕಿಗೆ ಬೇಕಾದ್ದು ಮಾತ್ರ.

ಇದು ಬಡವರ ಶೆಡ್ಡಿನಲ್ಲಿ ಮಾತ್ರ ಆಗುವ ತಪ್ಪು ಎಂದುಕೊಳ್ಳಬೇಡಿ. ಅಮೆರಿಕದ ನ್ಯೂಯಾರ್ಕಿನಲ್ಲೇ ಆಗಿದೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಅವಳಿ ಗೋಪುರಗಳು ಬಿದ್ದಾಗ ಪಕ್ಕದ ಡಾಯ್ಚ ಬ್ಯಾಂಕ್ ಕಟ್ಟಡಕ್ಕೆ ವಿಷದ ಧೂಳು, ಕಲ್ನಾರು ತುಂಬಿಕೊಂಡಿತು. ಅದನ್ನು ಸ್ವಚ್ಛ ಮಾಡುತ್ತಾ ಮಾಡುತ್ತಾ ಮೇಲಿನಿಂದ ಒಂದೊಂದೇ ಮಹಡಿ ಬಿಚ್ಚುತ್ತಿದ್ದರು. ಧೂಳು ಹೊರಗೆ ಹೋಗದಿರಲೆಂದು ಎಲ್ಲ ಕಡೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು, ಮೆಟ್ಟಿಲ ದಾರಿಗಳನ್ನು ಪ್ಲೈವುಡ್ ಹೊಡೆದು ಮುಚ್ಚಿದ್ದರು. 2007ರ ಆಗಸ್ಟ್ 18ರಂದು 17ನೇ ಮಹಡಿಯಲ್ಲಿ ಬೆಂಕಿ ಕಾಣಿಸಿತು. ಕೆಲಸದವರು ಯಾರೋ ಎಸೆದ ಸಿಗರೇಟು ಕಾರಣವೆಂದು ತನಿಖೆ ಹೇಳಿತು.

ಅಗ್ನಿಶಾಮಕದವರು ಮೇಲೆ ಹತ್ತಿದರು, ಪೈಪಿಗೆ ನೀರು ಬಿಟ್ಟರು. ನೀರು ಮೇಲೆ ಬರಲಿಲ್ಲ. ನೆಲಮಾಳಿಗೆಯಲ್ಲಿ ಆ ಪೈಪಿನ ಒಂದು ಉದ್ದ ತುಂಡನ್ನೇ ಮೊದಲೇ ಯಾರೋ ಬಿಚ್ಚಿ ತೆಗೆದಿದ್ದರು. ಬೆಂಕಿಯ ಮೇಲೆ ನೀರು ಬೀಳಲು ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಹೊಗೆಯಲ್ಲಿ ಮೆಟ್ಟಿಲು ಹುಡುಕಿದವರಿಗೆ ಪ್ಲೈವುಡ್ ಅಡ್ಡ ಸಿಕ್ಕಿತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ವಿಷ ಹೊರಗೆ ಹೋಗಬಾರದು ಎಂದು ಮಾಡಿದ ವ್ಯವಸ್ಥೆಯೇ ಮನುಷ್ಯರು ಹೊರಗೆ ಹೋಗದಂತೆ ಮಾಡಿತು. ಅಗ್ನಿಶಾಮಕ ಇಲಾಖೆ ಕೂಡ ನಿಯಮದಂತೆ 15 ದಿನಕ್ಕೊಮ್ಮೆ ಆ ಕಟ್ಟಡ ನೋಡಬೇಕಿತ್ತು, ನೋಡಿರಲಿಲ್ಲ. ಶ್ರೀಮಂತ ದೇಶ, ಹತ್ತಾರು ಇಲಾಖೆ, ಎಲ್ಲ ಇದ್ದೂ ಒಂದು ತುಂಡು ಪೈಪ್ ಯಾರ ಕಣ್ಣಿಗೂ ಬೀಳಲಿಲ್ಲ!

ನಮ್ಮ ದೇಶದ ಭೋಪಾಲವನ್ನೂ ಈ ಕಣ್ಣಿನಿಂದ ನೋಡಬೇಕು. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿ ವಿಷಾನಿಲ ಸೋರಿದಾಗ ಆ ಅನಿಲ ತಯಾರಿಸುವ ಘಟಕ ಓಡುತ್ತಲೇ ಇರಲಿಲ್ಲ, ಅಕ್ಟೋಬರ್‌ನಲ್ಲೇ ನಿಲ್ಲಿಸಿದ್ದರು. ಟ್ಯಾಂಕ್ ತಂಪು ಮಾಡುವ ಯಂತ್ರವನ್ನು ಅದಕ್ಕೂ ಮೊದಲೇ ಬಂದ್ ಮಾಡಿದ್ದರು. ಸೋರಿದ ಅನಿಲ ಸುಡಬೇಕಾದ ಗೋಪುರದ ಪೈಪನ್ನು ರಿಪೇರಿಗೆಂದು ಬಿಚ್ಚಿದ್ದರು. ಆದರೆ ಸುಮಾರು 40 ಟನ್ ವಿಷ ಮಾತ್ರ ಟ್ಯಾಂಕಿನಲ್ಲೇ ಇತ್ತು. ಕಾವಲುಗಾರನನ್ನು ಮನೆಗೆ ಕಳಿಸಿ ಕಳ್ಳನನ್ನು ಒಳಗೆ ಇಟ್ಟುಕೊಂಡ ಹಾಗೆ.

ಎರಡು ವಾರದ ನಂತರ ಉಳಿದ ಅನಿಲವನ್ನು ಮುಗಿಸಲು ಡಿಸೆಂಬರ್ 16ರಿಂದ ಅದೇ ಕಾರ್ಖಾನೆಯನ್ನು ಮತ್ತೆ ಓಡಿಸಿ ಕೀಟನಾಶಕ ಮಾಡಬೇಕಾಯಿತು. ಡಾ. ಎಸ್. ವರದರಾಜನ್ ಅವರ ನೇತೃತ್ವದಲ್ಲಿ ನಡೆದ ಆ ಕೆಲಸಕ್ಕೆ 'ಆಪರೇಷನ್ ಫೇತ್' ಎಂದು ಹೆಸರಿಟ್ಟರು. ಬೇಲಿಗೆ ಒದ್ದೆ ಬಟ್ಟೆ ಕಟ್ಟಿದರು, ಹೆಲಿಕಾಪ್ಟರಿನಿಂದ ನೀರು ಚಿಮುಕಿಸಿದರು. ಆದರೂ ಲಕ್ಷಾಂತರ ಜನ ನಂಬದೆ ಊರು ಬಿಟ್ಟರು. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಅಲ್ಲಿ ಉಳಿದ 337 ಟನ್ ತ್ಯಾಜ್ಯವನ್ನು 2025ರ ಜನವರಿ 1ರ ರಾತ್ರಿ, 40 ವರ್ಷದ ಮೇಲೆ, 12 ಮುಚ್ಚಿದ ಕಂಟೇನರುಗಳಲ್ಲಿ ಪೀತಂಪುರಕ್ಕೆ ಸಾಗಿಸಿದರು. ಜೊತೆಗೆ ಅಗ್ನಿಶಾಮಕ ವಾಹನ, ಆಂಬುಲೆನ್ಸ್, ಪೊಲೀಸರು ಹೋದರು. ಅದನ್ನು ಸುಟ್ಟು ಮುಗಿಸಿದ್ದು ಆ ವರ್ಷದ ಜೂನ್ ಕೊನೆಯಲ್ಲಿ.

ಕಾಸರಗೋಡಿನ ನಮ್ಮ ಕನ್ನಡದ ಜನರಿಗೂ ಇದು ಗೊತ್ತು. ಎಣ್ಮಕಜೆಯಂಥ ಊರುಗಳ ಮೇಲೆ ಗೇರು ತೋಟಗಳಿಗೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 2000ದಲ್ಲಿ ನಿಂತಿತು. ಉಳಿದ ಔಷಧಿ ಗೋದಾಮುಗಳಲ್ಲಿ ತುಕ್ಕು ಹಿಡಿದ ಬ್ಯಾರಲ್‌ಗಳಲ್ಲಿ ಸೋರುತ್ತಾ ಕೂತಿತ್ತು. 2012ರಲ್ಲಿ ರಕ್ಷಣಾ ಉಡುಪು ತೊಟ್ಟವರು ಬಂದು ಅದನ್ನು ಹೊಸ ಗಟ್ಟಿ ಪ್ಲಾಸ್ಟಿಕ್ ಬ್ಯಾರಲ್‌ಗಳಿಗೆ ತುಂಬಿಸಿದರು. ಸಿಂಪಡಿಸುವ ಇಂಥ ಔಷಧಿಗಳನ್ನು ಸಾಮಾನ್ಯವಾಗಿ ಕ್ಸೈಲೀನ್‌ನಂಥ ಎಣ್ಣೆಯಲ್ಲಿ ಕರಗಿಸಿರುತ್ತಾರೆ, ಅದು ಥಿನ್ನರಿನ ಹಾಗೇ ಹೊತ್ತಿಕೊಳ್ಳುತ್ತದೆ. ವಿಷದ ಭಯದಲ್ಲಿ ಬೆಂಕಿಯನ್ನು ಮರೆಯಬಾರದು. ಬೆಂಕಿ ಬಿದ್ದರೆ ಡ್ರಮ್ಮಿನಲ್ಲಿದ್ದ ವಿಷ ಹೊಗೆಯಾಗಿ ಊರಿಗೆಲ್ಲ ಹಂಚಿಹೋಗುತ್ತದೆ.

ಕೆಲಸಕ್ಕೆ ಹೋಗುವವರಿಗೆ

ಇಷ್ಟೆಲ್ಲ ಹೇಳಿ "ಅಂಥ ಕೆಲಸಕ್ಕೆ ಹೋಗಬೇಡಿ" ಅನ್ನುವುದು ನನಗೆ ಸುಲಭ. ಶೆಡ್ಡು ಬಿಚ್ಚುವ ಕೆಲಸಕ್ಕೆ ಬೇರೆ ಕೂಲಿಗಿಂತ ಹೆಚ್ಚು ಸಿಗುತ್ತದೆ, ಸ್ಕೂಲ್ ಫೀಸಿನ ತಿಂಗಳಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಹಾಗಾಗಿ ಹೋಗುವವರು ಕೇಳಬೇಕಾದ ಮಾತುಗಳನ್ನು ಹೇಳುತ್ತೇನೆ.

ಮೊದಲ ಮಾತು: "ಅಣ್ಣಾ, ಇದರಲ್ಲಿ ಮೊದಲು ಏನಿತ್ತು?" ಉತ್ತರ ಬರದಿದ್ದರೆ, ಲೇಬಲ್ ಹರಿದಿದ್ದರೆ, ಆ ಡ್ರಮ್ಮಿಗೆ ಕಟ್ಟರ್, ಗ್ರೈಂಡರ್, ಸುತ್ತಿಗೆ ಯಾವುದನ್ನೂ ತಾಗಿಸಬೇಡಿ. ಮೂಸಿ ನೋಡಿ ತೀರ್ಮಾನ ಮಾಡಬೇಡಿ, ಕೆಲವು ಆವಿಗಳು ಮೂಗನ್ನೇ ಮರಗಟ್ಟಿಸುತ್ತವೆ. ಕೆಮಿಕಲ್ ತುಂಬಿದ್ದ ಖಾಲಿ ಬ್ಯಾರಲ್ಲುಗಳನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಅಪಾಯಕಾರಿ ತ್ಯಾಜ್ಯ ಎಂದೇ ಪಟ್ಟಿ ಮಾಡಿವೆ. ಅವು ಹೋಗಬೇಕಾದ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರ ಹತ್ತಿರ, ಬೀದಿಯ ಗುಜರಿಗಲ್ಲ.

ಟ್ಯಾಂಕನ್ನು ಕತ್ತರಿಸಲೇಬೇಕಾದರೆ ಅದಕ್ಕೆ ಕ್ರಮವಿದೆ. ಒಳಗಿದ್ದುದನ್ನು ಪೂರ್ತಿ ತೆಗೆದು, ಹಬೆಯಿಂದ ತೊಳೆದು, ಗ್ಯಾಸ್ ಅಳೆಯುವ ಮೀಟರ್ ಹಿಡಿದು ನೋಡಿ, ಕತ್ತರಿಸುವ ಗೆರೆಯ ಹತ್ತಿರದವರೆಗೆ ನೀರು ತುಂಬಿಸಿ ಅಥವಾ ನೈಟ್ರೋಜನ್ ಬಿಟ್ಟು, ಬಾಯಿ ತೆರೆದಿಟ್ಟು ಆಮೇಲೆ ಕತ್ತರಿಸಬೇಕು. ಮೀಟರ್ ಇಲ್ಲದ ಕಂಟ್ರಾಕ್ಟರು ಈ ಕೆಲಸಕ್ಕೆ ಲಾಯಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ. ಸೋಪಿನ ನೀರಿನಲ್ಲಿ ಒಂದು ಸಲ ಕುಲುಕಿ ಚೆಲ್ಲಿದರೆ ತೊಳೆದ ಹಾಗಲ್ಲ.

ಎಲ್ಲಕ್ಕೂ ನೀರೇ ಮದ್ದು ಎಂದೂ ತಿಳಿಯಬೇಡಿ. ವೆಲ್ಡಿಂಗ್ ಶೆಡ್ಡುಗಳಲ್ಲಿ ಹಳೇ ಕಾರ್ಬೈಡ್ ಡಬ್ಬ ಸಿಗುತ್ತದೆ, ಮಾವಿನಹಣ್ಣು ಹಣ್ಣು ಮಾಡಲು ಕದ್ದು ಬಳಸುತ್ತಾರಲ್ಲ, ಅದೇ. ಅದಕ್ಕೆ ನೀರು ತಾಗಿದರೆ ಅಸಿಟಿಲೀನ್ ಗ್ಯಾಸ್ ಏಳುತ್ತದೆ. ಪ್ಲೇಟಿಂಗ್ ಶೆಡ್ಡಿನಲ್ಲಿ ಉಳಿದ ಸಯನೈಡಿಗೆ ಆಸಿಡ್ ಸೇರಿದರೆ ನಿಮಿಷದಲ್ಲಿ ಕೊಲ್ಲುವ ವಿಷಾನಿಲ. ಎಲ್ಲ ಡಬ್ಬವನ್ನೂ ಒಂದೇ ಮೋರಿಗೆ ಸುರಿಯುವ ಕೆಲಸಕ್ಕೆ ಯಾರು ಹೇಳಿದರೂ ಒಪ್ಪಬೇಡಿ.

ಟ್ಯಾಂಕಿನೊಳಗೆ, ಸಂಪಿನೊಳಗೆ ಉಸಿರು ಕಟ್ಟುತ್ತದೆಂದು ಕಟಿಂಗ್ ಸಿಲಿಂಡರಿನ ಆಕ್ಸಿಜನ್ ಪೈಪನ್ನು ಒಳಗೆ ಬಿಡುವವರಿದ್ದಾರೆ. ಉಸಿರಾಟಕ್ಕೆ ಒಳ್ಳೇದು ಎಂದು ಅವರ ಎಣಿಕೆ. ಆಕ್ಸಿಜನ್ ಹೆಚ್ಚಾದ ಜಾಗದಲ್ಲಿ ಬೆವರಿದ ಅಂಗಿ, ತಲೆಕೂದಲು ಕೂಡ ಒಂದು ಕಿಡಿಗೆ ಧಗ್ಗನೆ ಹತ್ತುತ್ತದೆ. ಒಳಗೆ ಇಳಿದವನು ಕುಸಿದರೆ ಕೂಗಿ 112ಕ್ಕೆ ಫೋನ್ ಮಾಡಿ, ನೀವು ಇಳಿಯಬೇಡಿ. ಒಬ್ಬನನ್ನು ಎತ್ತಲು ಇಳಿದ ಎರಡನೆಯವನು, ಮೂರನೆಯವನು ಸಾಯುವುದನ್ನು ಪ್ರತಿ ವರ್ಷ ಪೇಪರಿನಲ್ಲಿ ಓದುತ್ತೇವೆ.

ಕಟಿಂಗ್ ಕಿಡಿ 35 ಅಡಿವರೆಗೂ ಹಾರುತ್ತದೆ. ಅಷ್ಟು ದೂರದಲ್ಲಿ ಗೋಣಿ, ಥರ್ಮೋಕೋಲ್, ಪೇಂಟ್ ಡಬ್ಬ ಇರಬಾರದು. ಬೆಂಕಿಯನ್ನಷ್ಟೇ ನೋಡಲು ಒಬ್ಬರು ನಿಲ್ಲಬೇಕು, ಕೆಲಸ ಮುಗಿದ ಮೇಲೂ ಒಂದು ಗಂಟೆ. ಈ ಕೂಲಿಯನ್ನು ಉಳಿಸಲು ಹೋಗಿಯೇ ರಾತ್ರಿ ಎಂಟಕ್ಕೆ ಖಾಲಿ ಶೆಡ್ಡುಗಳು ಹೊತ್ತುವುದು.

ಸುಟ್ಟರೆ 20 ನಿಮಿಷ ನಲ್ಲಿಯ ತಣ್ಣೀರು ಹರಿಸಿ. ಬಳೆ, ಉಂಗುರ, ವಾಚು ಕೂಡಲೇ ತೆಗೆಯಿರಿ, ಆಮೇಲೆ ಊತ ಬಂದು ಬರುವುದಿಲ್ಲ. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಐಸು ಹಚ್ಚಬೇಡಿ. ಅಂಟಿದ ಬಟ್ಟೆ ಕೀಳಬೇಡಿ.

ಮನೆಯಲ್ಲಿರುವವರಿಗೆ

ಅಕ್ಕತಂಗಿಯರೇ, ಇದು ಗಂಡಸರ ಕೆಲಸದ ಮಾತು ಅಂತ ಪುಟ ಮಡಚಬೇಡಿ. ನಿಮ್ಮ ಮನೆ ಮುಂದಿನ ನೀಲಿ ಡ್ರಮ್ಮು ಎಲ್ಲಿಂದ ಬಂತು? ಕಾವೇರಿ ನೀರು ಎರಡು ದಿನಕ್ಕೊಮ್ಮೆ ಬರುವ ಕಡೆ ಎಲ್ಲರೂ ಗುಜರಿಯಿಂದ ಡ್ರಮ್ಮು ತಂದವರೇ. ಅದರ ಮೈಮೇಲೆ ಬೆಂಕಿಯ ಅಥವಾ ತಲೆಬುರುಡೆಯ ಗುರುತಿನ ಲೇಬಲ್ ಇದ್ದ ಕಲೆ ಇದ್ದರೆ ಅದರಲ್ಲಿ ಕುಡಿಯುವ ನೀರು ತುಂಬಬೇಡಿ. ಪ್ಲಾಸ್ಟಿಕ್ಕು ಕೆಮಿಕಲ್ಲನ್ನು ಹೀರಿಕೊಂಡಿರುತ್ತದೆ, ಎಷ್ಟು ತೊಳೆದರೂ ಬಿಡುತ್ತಲೇ ಇರುತ್ತದೆ. ಕಬ್ಬಿಣದ ಡ್ರಮ್ಮನ್ನು ಅರ್ಧ ಕತ್ತರಿಸಿ ಸ್ನಾನದ ಒಲೆ ಮಾಡಿಸಲು ವೆಲ್ಡಿಂಗ್ ಅಂಗಡಿಗೆ ಕೊಡುವಾಗ, ಆ ಅಂಗಡಿ ಹುಡುಗನ ಮುಖ ಒಂದು ಸಲ ನೋಡಿ. ನಾವು ಕೊಟ್ಟ ಡ್ರಮ್ಮು ಅದು.

ಪಕ್ಕದಲ್ಲಿ ಹಳೇ ಶೆಡ್ಡು ಬಿಚ್ಚುತ್ತಿದ್ದಾರೆ, ಥಿನ್ನರ್ ವಾಸನೆ ಬರುತ್ತಿದೆ, ಕಟಿಂಗ್ ಕಿಡಿ ಕಾಣುತ್ತಿದೆ ಅಂದರೆ 101 ಅಥವಾ 112ಕ್ಕೆ ಫೋನ್ ಮಾಡಬಹುದು. ಬೆಂಕಿ ಹತ್ತುವವರೆಗೆ ಕಾಯಬೇಕಿಲ್ಲ.

ಕಾನೂನಿನ ಮಾತು

1948ರ ಕಾರ್ಖಾನೆ ಕಾಯ್ದೆಯ 37ನೇ ಕಲಮು ಸ್ಪಷ್ಟವಾಗಿ ಹೇಳಿತ್ತು: ಹೊತ್ತಿಕೊಳ್ಳುವ ವಸ್ತು ಇರುವ, ಅಥವಾ ಹಿಂದೆ ಇದ್ದ, ಯಾವ ಟ್ಯಾಂಕಿಗೂ ಆ ವಸ್ತುವನ್ನು, ಅದರ ಆವಿಯನ್ನು ತೆಗೆದು ಅಪಾಯ ನೀಗಿಸದೆ ವೆಲ್ಡಿಂಗ್, ಕಟಿಂಗ್ ಮಾಡುವಂತಿಲ್ಲ. "ಹಿಂದೆ ಇದ್ದ" ಅನ್ನೋ ಎರಡು ಪದ ನೋಡಿ. ಖಾಲಿ ಡ್ರಮ್ಮಿನ ಕಥೆ ಬರೆದವರಿಗೆ ಗೊತ್ತಿತ್ತು. ಆದರೆ ವಿದ್ಯುತ್ ಬಳಸುವ ಕಡೆ 10 ಜನ ಇದ್ದರೆ ಮಾತ್ರ ಅದು ಕಾರ್ಖಾನೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸುರಕ್ಷತಾ ಸಂಹಿತೆಯಲ್ಲಿ ಆ ಸಂಖ್ಯೆಯನ್ನು 20ಕ್ಕೆ ಏರಿಸಿದ್ದಾರೆ. ನಾಲ್ಕು ಜನ ಬಿಚ್ಚುವ ಶೆಡ್ಡು ಆಗಲೂ ಕಾರ್ಖಾನೆ ಅಲ್ಲ, ಈಗಲೂ ಅಲ್ಲ. ಅಪಾಯವೇನೂ ತಲೆ ಎಣಿಸಿ ಬರುವುದಿಲ್ಲ. ಇದು ಸರಿಯಲ್ಲ ಎಂದು ನಾವು ಹೇಳುತ್ತಲೇ ಇರಬೇಕು.

ಹಾಗೆಂದು ಕೈಯಲ್ಲಿ ಏನೂ ಇಲ್ಲ ಎಂದಲ್ಲ. ಕಟ್ಟಡ ಕೆಡವುವುದೂ ಕಾನೂನಿನ ಲೆಕ್ಕದಲ್ಲಿ ಕಟ್ಟಡ ಕೆಲಸವೇ. 18ರಿಂದ 60 ವರ್ಷದೊಳಗಿದ್ದು, ವರ್ಷದಲ್ಲಿ 90 ದಿನ ಇಂಥ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿಕೊಳ್ಳಬಹುದು. ನಮ್ಮ ಸದಸ್ಯೆಯ ಯಜಮಾನರು 12 ವರ್ಷ ಈ ಕೆಲಸ ಮಾಡಿದ್ದರೂ ಕಾರ್ಡ್ ಇರಲಿಲ್ಲ. "ನಾನು ಗಾರೆ ಕೆಲಸದವನಲ್ಲವಲ್ಲ ಸಿಸ್ಟರ್" ಅಂದರು. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವುದು ಕೆಲಸ ಕೊಟ್ಟವರ ಹೊಣೆ ಎಂಬುದೂ 1923ರಷ್ಟು ಹಳೆಯ ಕಾನೂನು, ಹೊಸ ಸಂಹಿತೆಯಲ್ಲೂ ಇದೆ. ಅದಕ್ಕೆ ಸಾಕ್ಷಿ ಬೇಕು. ಆದ್ದರಿಂದ ಕೆಲಸಕ್ಕೆ ಹೋದ ಮೊದಲ ದಿನವೇ ಶೆಡ್ಡಿನ ಮುಂದೆ ನಿಂತು ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಹೆಂಡತಿಗೆ ಕಳಿಸಲಿ. ಮೇಸ್ತ್ರಿಯ ನಂಬರು, ಲಾರಿಯ ನಂಬರು ಮನೆಯ ಡೈರಿಯಲ್ಲಿ ಇರಲಿ. ಈ ಕುಟುಂಬದ ಕೇಸಿನಲ್ಲಿ ನಮಗೆ ಸಿಕ್ಕ ಒಂದೇ ಸಾಕ್ಷಿ ಅಂಥ ಒಂದು ಫೋಟೋ, ಅದೂ ಮಗ ಆಟಕ್ಕೆ ತೆಗೆದದ್ದು. ಕೇಸು ಇನ್ನೂ ನಡೆಯುತ್ತಿದೆ.

ಮುಂದಿನ ಸಭೆಗೆ

ಪ್ರತಿ ಸಂಘದವರೂ ತಮ್ಮ ಬೀದಿಯ ಸುತ್ತ ಒಂದು ಸಲ ನಡೆದು, ಮುಚ್ಚಿದ ಶೆಡ್ಡು, ಹಳೇ ಗೋದಾಮು, ಡ್ರಮ್ಮು ತೊಳೆಯುವ ಜಾಗ ಎಲ್ಲೆಲ್ಲಿವೆ ಎಂದು ಬರೆದು ತನ್ನಿ. ಮನೆಯ ನೀರಿನ ಡ್ರಮ್ಮಿನ ಮೇಲಿನ ಲೇಬಲ್ ಇದ್ದರೆ ಅದರ ಫೋಟೋ ತನ್ನಿ, ಓದಿ ನೋಡೋಣ. ಯಾರ ಮನೆಯಲ್ಲಿ ಕಾರ್ಮಿಕ ಕಾರ್ಡ್ ಇಲ್ಲವೋ ಅವರು ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ತರಬೇಕು, ಅರ್ಜಿ ತುಂಬಲು ನಮ್ಮ ಕಾರ್ಯಕರ್ತೆ ಬರುತ್ತಾರೆ.

ಸಭೆಯನ್ನು ಈ ಸಲ ಸಂಜೆ ಏಳೂವರೆಗೆ ಇಟ್ಟುಕೊಂಡಿದ್ದೇವೆ, ಗಂಡಸರೂ ಬರಲಿ ಎಂದು. ನಮ್ಮ ಸದಸ್ಯೆಯ ಯಜಮಾನರು ಮಾತಾಡಲು ಒಪ್ಪಿದ್ದಾರೆ. "ನನಗೆ ಭಾಷಣ ಬರಲ್ಲ ಸಿಸ್ಟರ್" ಅಂದರು. ಆ ದಿನ ಡ್ರಮ್ಮು ಎಲ್ಲಿತ್ತು, ತಾನು ಎಲ್ಲಿ ನಿಂತಿದ್ದೆ, ಅಷ್ಟು ಹೇಳುತ್ತಾರಂತೆ.